ಒಂದು ತಾಳ ತಡವಾಗಿ

ಭದ್ರಾವತಿಯ ಪೇಪರ್‌ಟೌನಿನಲ್ಲಿ ಕೇಳಿ ನೋಡಿ,
ಬ್ರಿಜಿತಾ ಟೀಚರ್‌ಗೆ ಬಾರದ ದನಿ ಇಲ್ಲ.
ಬಿಷಪ್ಪರ ಕೆಮ್ಮು, ಹೋಟೆಲಿನ ಮಾಣಿ,
ಕಾರ್ಖಾನೆಯ ಸೈರನ್ನು. ಅದು ನಿಂತು ವರ್ಷಗಳಾದವು,
ನಾನು ಕೂಗಿದರೆ ಮುದುಕರು ಈಗಲೂ
ಗಡಿಯಾರ ನೋಡಿಕೊಳ್ಳುತ್ತಾರೆ.

ಅಂದು ಶನಿವಾರ, ಹಾಡಿನ ಅಭ್ಯಾಸ.
ಹಾರ್ಮೋನಿಯಮ್ಮಿನ ಒಂದು ಮನೆ ಸಿಕ್ಕಿಕೊಂಡು
ಹಾಲು ಬಿಡಿಸಿದ ಕೂಸಿನಂತೆ ಅಳುತ್ತಿತ್ತು.
ಅದು ಸರಿಹೋಗುವ ತನಕ ಹೊತ್ತು ಕಳೆಯಲು
ನಾನು ಅರುಳಪ್ಪನಾದೆ.
ಹೆಗಲು ಒಂದು ಕಡೆ ಇಳಿಬಿಟ್ಟು
ಕನ್ನಡಕ ಮೂಗಿನ ತುದಿಗೆ ತಂದು
ಭಾನುವಾರದ ಪೂಜೆಯ ಕೋರಿಕೆ ಓದಿದೆ:
"ಮೃ-ಮೃ-ಮೃತ ಸಿ-ಸಿಸಿಲಿಯಮ್ಮನ ಆ-ಆ..."
ಇವನು ಆತ್ಮ ಅನ್ನುವಷ್ಟರಲ್ಲಿ
ಆಕೆ ಸ್ವರ್ಗ ಮುಟ್ಟಿ ಕಾಲು ತೊಳೆದುಕೊಂಡಿರುತ್ತಾಳೆ, ಅಂದೆ.
ಹುಡುಗಿಯರು ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು.
ಬೆನೆಡಿಕ್ಟ ತಬಲದ ಮೇಲೆ ಬಿದ್ದು ಬಿದ್ದು ನಕ್ಕ.

ಬಾಗಿಲಲ್ಲಿ ಅರುಳಪ್ಪ.
ಕೈಯಲ್ಲಿ ಮೇಣದ ಬತ್ತಿಯ ಡಬ್ಬ.
ಅವನೂ ನಕ್ಕ.
ಒಂದು ತಾಳ ತಡವಾಗಿ ನಕ್ಕ,
ಚಿಲ್ಲರೆ ಕೊಡದೆ ಕಂಡಕ್ಟರು ಮುಂದೆ ಹೋದಾಗ
'ಇರಲಿ ಬಿಡಿ' ಅನ್ನುವವನ ಹಾಗೆ.

ಬೆಕ್ಕಿಗೆ ಚೆಲ್ಲಾಟ ಎಂದು ಅಮ್ಮ ಬಯ್ಯುತ್ತಿದ್ದಳು.
ಅವಳು ಹೇಳದೆ ಹೋದದ್ದು:
ಕೆಲವು ಇಲಿಗಳು ಚಪ್ಪಾಳೆಯನ್ನೂ ತಟ್ಟುತ್ತವೆ.

ಪಾಪನಿವೇದನೆಗೆ ಹೋಗಿ ವಾದಕ್ಕೆ ನಿಂತೆ.
"ನಗುವುದು ಪಾಪವೇ ಫಾದರ್? ತೊಂಬತ್ತರ ಮುದುಕಿ
ಗುಡಾರದ ಮರೆಯಲ್ಲಿ ನಕ್ಕಳು, ದೇವರು ಶಪಿಸಲಿಲ್ಲ,
ಮಗು ಕೊಟ್ಟ. ಮಗುವಿಗೂ ನಗು ಎಂದೇ ಹೆಸರು."
ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು.
"ಆಕೆ ನಕ್ಕದ್ದು ತನ್ನ ಸುಕ್ಕಿಗೆ. ನೀನು ಯಾರ ಸುಕ್ಕಿಗೆ?"
"ಮಾತಿಗೆ ಉಪ್ಪಿರಲಿ ಅಂತ ನೀವೇ..."
"ಗಾಯಕ್ಕೆ ಹಾಕು ಅನ್ನಲಿಲ್ಲ."
ಹತ್ತು ನಮೋ ಮರಿಯಕ್ಕೆ ಮುಗಿದೀತು ಅಂದುಕೊಂಡಿದ್ದೆ.
"ಪಾಸ್ಖದೊಳಗೆ ಅವನನ್ನು ಒಮ್ಮೆ ನಗಿಸು," ಅಂದರು,
"ಸರಿಯಾದ ತಾಳಕ್ಕೆ."

ತಪಸ್ಸುಕಾಲ ಪೂರ್ತಿ ಸೋತೆ.
ಮೀನು ಮಾಂಸ ಬಿಡುವುದು ಸುಲಭ,
ಬಾಯೊಳಗೇ ಇರುವ ತುಂಡನ್ನು ಏನು ಮಾಡಲಿ?
ಸೈರನ್ ಕೂಗಿದೆ. ಬಿಷಪ್ಪರಂತೆ ಕೆಮ್ಮಿದೆ.
"ಚೆ-ಚೆನ್ನಾಗಿದೆ ಟೀಚರ್" ಅನ್ನುತ್ತ ಅವನು
ಬತ್ತಿಯ ಕರಿ ಕತ್ತರಿಸುತ್ತಲೇ ಇದ್ದ.

ಒಂದು ಶುಕ್ರವಾರ ಶಿಲುಬೆಯ ಹಾದಿ ಮುಗಿಸಿ
ಅವನ ಕ್ವಾರ್ಟರ್ಸಿಗೆ ಹೋದೆ, ಕ್ಷಮೆ ಕೇಳಲೆಂದು.
ಕೇಳಲಾಗದೆ ಅವನು ಕೊಟ್ಟ ಕರಿ ಕಾಫಿ ಕುಡಿದೆ.
"ಮ-ಮದುವೆಯಲ್ಲಿ," ಅಂದ ಅವನು, ತಾನಾಗಿ,
"ಒ-ಒ-ಒಪ್ಪಿದ್ದೇನೆ ಅನ್ನಬೇಕಿತ್ತು.
ಒಪ್ಪುವಷ್ಟರಲ್ಲಿ ಪ-ಪಲಾವು ಆರಿತು.
ರೀಟಾನೇ ಹೇಳಿದಳು, ಫಾದರ್, ಉಂಗುರ ಹಾಕಿಸಿಬಿಡಿ,
ಉಳಿದದ್ದು ಮನೆಯಲ್ಲಿ ಹೇಳಲಿ, ನಾನು ಕಾ-ಕಾಯುತ್ತೇನೆ."
ಇಪ್ಪತ್ತಾರು ವರ್ಷ ಕಾದಳಂತೆ,
ಪ್ರತಿ ಮಾತಿನ ಹೊಸ್ತಿಲಲ್ಲಿ,
ಒಮ್ಮೆಯೂ ತಾನೇ ಮುಗಿಸಿಕೊಡದೆ.
ಗೋಡೆಯ ಮೇಲಿನ ಫೋಟೋ ನೋಡುತ್ತ ನಕ್ಕ.
ನಾನು ನಗಲೋ ಬೇಡವೋ ಎಂದು ಲೋಟದ ತಳ ನೋಡಿದೆ.
"ನ-ನಗಿ ಟೀಚರ್. ಇದು ನನ್ನದು. ಕೊ-ಕೊಡುತ್ತಿದ್ದೇನೆ."

ನಕ್ಕೆ.
ಒಂದು ತಾಳ ತಡವಾಗಿ.

ಪವಿತ್ರ ಶನಿವಾರ ಬೆಳಿಗ್ಗೆ ಮತ್ತೆ ಅಭ್ಯಾಸ.
ಹಾರ್ಮೋನಿಯಮ್ಮಿನ ಆ ಮನೆ ಇನ್ನೂ ಅಳುತ್ತದೆ.
ನಲವತ್ತು ದಿನ ಬಚ್ಚಿಟ್ಟ ಅಲ್ಲೆಲೂಯ ಹೊರಗೆ ತೆಗೆಯಬೇಕು.
ಗಂಡಸರ ಸಾಲಿಗೆ ಒಬ್ಬ ಕಡಿಮೆ, ಅರುಳಪ್ಪನನ್ನು ಕರೆದೆ.
ಇಷ್ಟು ವರ್ಷ ಅವನನ್ನು ಅನುಕರಿಸಿದವಳಿಗೆ
ಇದೊಂದು ಗೊತ್ತಿರಲಿಲ್ಲ: ಹಾಡುವಾಗ ಅವನಿಗೆ ತೊದಲೇ ಇಲ್ಲ.
ಭದ್ರೆಯನ್ನು ನಾಲೆಗೆ ಬಿಟ್ಟ ಹಾಗೆ ಬಂತು ದನಿ.

ಮೂರನೆಯ ಸಲ, ಸ್ವರ ಮೇಲೇರುವ ಜಾಗದಲ್ಲಿ,
ನನ್ನತ್ತ ಓರೆಯಾಗಿ ನೋಡಿ
"ಅ-ಅ-ಅಲ್ಲೆಲೂಯ" ಅಂದ.
ಬೇಕೆಂದೇ.

ಬೆನೆಡಿಕ್ಟ ತಾಳ ತಪ್ಪಿದ.
ನಾನು ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ.